ಸಂಬಳ ಬರುವಾಗಲೇ ಸಂಬಳವಿಲ್ಲದೆ ಬದುಕಿದೆ

ನಾನು ಕೆಲಸ ಬಿಟ್ಟಿದ್ದು 2022ರ ಮೇ ತಿಂಗಳಲ್ಲಿ. ಬಿಡುವ ಮೊದಲು ಒಂದು ತಾಲೀಮು ಮಾಡಿದ್ದೆ: ಸಂಬಳ ಮುಟ್ಟದೆ, ನನ್ನ ಸಣ್ಣ ವ್ಯಾಪಾರದ ದುಡ್ಡಲ್ಲೇ ಮನೆ ನಡೆಸುವುದು. ಅದರ ಬಗ್ಗೆ ಆಗ ಯಾರಿಗೆ ಹೇಳಿದರೂ ನಕ್ಕರು. "ಸಂಬಳ ಬರ್ತಿದೆ, ಆದ್ರೆ ಮುಟ್ಟಲ್ಲ ಅಂತೀಯಾ? ಇದೊಳ್ಳೆ ಉಪವಾಸ ಆಯ್ತಲ್ಲೋ" ಅಂದ ಅಣ್ಣ. ಪಕ್ಕದ ಸೀಟಿನವನು "ಬಿಡೋದಾದ್ರೆ ಧೈರ್ಯವಾಗಿ ಬಿಡು, ಇಲ್ಲಾಂದ್ರೆ ಸುಮ್ನಿರು" ಅಂದ. ಈಗ ಮೂರು ವರ್ಷ ದಾಟಿದೆ. ವಾಪಸ್ ಕೆಲಸ ಹುಡುಕಿಲ್ಲ, ಸಾಲ ಮಾಡಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ನಾನು ಮಾರುವುದು ಎಕ್ಸೆಲ್ ಟೆಂಪ್ಲೇಟು, ಅಂದರೆ ಅಂಕಿ ತುಂಬಿದರೆ ಸಾಕು ಅನ್ನುವಂಥ ಸಿದ್ಧ ಲೆಕ್ಕದ ಫೈಲು. ಸಣ್ಣ ವ್ಯಾಪಾರದವರಿಗೆ ಇನ್ವಾಯ್ಸ್, ಸ್ಟಾಕ್ ಲೆಕ್ಕ, ಕೆಲಸಗಾರರ ಹಾಜರಾತಿ, ಇಂಥವು. 2018ರಲ್ಲಿ ರಾತ್ರಿ ಹೊತ್ತು ಶುರು ಮಾಡಿದ್ದು. ಆನ್‌ಲೈನ್ ಅಂಗಡಿ ತೆರೆಯೋದು, ದುಡ್ಡು ಪಡೆಯಲು ಪೇಮೆಂಟ್ ಗೇಟ್‌ವೇ ಜೋಡಿಸೋದು ನಿಮಗೆಲ್ಲ ಗೊತ್ತಿರುವ ವಿಷಯ, ಅದನ್ನು ಬಿಟ್ಟುಬಿಡುತ್ತೇನೆ.

ದುಡ್ಡಿನ ವಿಷಯಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. ನನ್ನ ಆಗಿನ ತಿಂಗಳ ಸಂಬಳ 100 ಅಂದುಕೊಳ್ಳಿ. ಮನೆ ಖರ್ಚು ಸುಮಾರು 70. ಮುಂದಿನ ಅಂಕಿಗಳೆಲ್ಲ ಇದೇ ಲೆಕ್ಕದಲ್ಲಿ, ನೆನಪಿನಿಂದ ಹೇಳುತ್ತಿರುವುದು. ಒಂದೆರಡು ಅಂಕಿ ಹೆಚ್ಚು ಕಮ್ಮಿ ಇದ್ದೀತು.

ಮೊದಲ ವರ್ಷ ಪೂರ್ತಿ ಮಾರಿದ್ದು 60. ತಿಂಗಳಿಗಲ್ಲ, ವರ್ಷಕ್ಕೆ! 2020ರ ಹೊತ್ತಿಗೆ ತಿಂಗಳ ಮಾರಾಟ 95ಕ್ಕೆ ಬಂತು. ಡ್ಯಾಶ್‌ಬೋರ್ಡ್ ನೋಡಿ ತಲೆ ತಿರುಗಿತು. ಇನ್ನೇನು ಸಂಬಳದಷ್ಟೇ ಆಯಿತಲ್ಲ, ರಾಜೀನಾಮೆ ಬರೆದು ಕೊಡೋಣ ಅಂತ ಹೊರಟೆ. ಹೆಂಡತಿ ಒಂದೇ ಮಾತು ಕೇಳಿದಳು: "ಹಾಗಾದ್ರೆ ಮುಂದಿನ ತಿಂಗಳಿಂದ ಮನೆ ಆ ದುಡ್ಡಲ್ಲೇ ನಡೆಸಿ ತೋರಿಸ್ತೀರಾ?" ತಾಲೀಮಿನ ಐಡಿಯಾ ಅಲ್ಲಿಂದ ಬಂದದ್ದು. ನನ್ನದು ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದೇನೆ, ಆದರೆ ಅವಳದ್ದೇ.

ಸಂಬಳ ಬಂದ ದಿನವೇ ಪೂರ್ತಿ ಇನ್ನೊಂದು ಖಾತೆಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಟ್ಟೆ. ಆ ಖಾತೆಯ ಕಾರ್ಡು ಹೆಂಡತಿ ಹತ್ತಿರ. ಮನೆಗೆ ಬೇಕಾದ ಪ್ರತಿಯೊಂದೂ ಟೆಂಪ್ಲೇಟಿನ ದುಡ್ಡಿನಿಂದಲೇ ಬರಬೇಕು.

ಮೂರನೇ ತಿಂಗಳಿಗೇ ಮಗುಚಿಕೊಂಡೆ.

95 ಅಂತ ಕಾಣುತ್ತಿದ್ದದ್ದು ಮಾರಾಟ, ಕೈಗೆ ಬರುವ ದುಡ್ಡಲ್ಲ. ನಾನು ಆಗ ಮಾರುತ್ತಿದ್ದ ಸೈಟು ಮತ್ತು ಪೇಮೆಂಟ್‌ನವರು ಸೇರಿ 11 ತೆಗೆದುಕೊಳ್ಳುತ್ತಿದ್ದರು. ಜಾಹೀರಾತಿಗೆ 12. ರಿಫಂಡ್ 6. ಅದೂ ಇದೂ ಸಾಫ್ಟ್‌ವೇರ್ ಚಂದಾ 4. ಉಳಿದದ್ದು 62. ತೆರಿಗೆಗೆ ಒಂದು ಪೈಸೆ ಎತ್ತಿಟ್ಟಿರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ತೆರಿಗೆ ಅನ್ನೋದು ಸಂಬಳದಲ್ಲೇ ಕಳೆದು ಬರುತ್ತಿತ್ತು, ಕಣ್ಣಿಗೆ ಬಿದ್ದಿರಲೇ ಇಲ್ಲ. ಸಾಲದ್ದಕ್ಕೆ, ಮಾರಿದ ದುಡ್ಡು ಕೈಗೆ ಬರಲು ಎರಡು ವಾರ ಕಾಯಬೇಕು. ಬಾಡಿಗೆಗೆ ಆ ಪುರುಸೊತ್ತಿಲ್ಲ. ಅದೇ ಸಮಯಕ್ಕೆ ಫ್ರಿಜ್ ಕೆಟ್ಟಿತು. ಕಾರ್ಡು ಕೇಳಿ ಇಸಕೊಂಡೆ. ಹೆಂಡತಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಮುಂದಿನ ಒಂದು ವರ್ಷ ಸುಮ್ಮನೆ ತೂತು ಮುಚ್ಚುವ ಕೆಲಸ.

ಮೊದಲ ತೂತು ರಿಫಂಡ್. ಕಾರಣ ಹುಡುಕಿದರೆ ನನ್ನ ಜಾಣತನವೇ. ಎಕ್ಸ್‌ಲುಕಪ್ ಫಾರ್ಮುಲಾ (ಪಟ್ಟಿಯಲ್ಲಿ ಬೇಕಾದ್ದನ್ನು ಹುಡುಕಿ ತರುವಂಥದ್ದು) ಆಗ ಹೊಸದು, 2019ರಲ್ಲಿ ಬಂದದ್ದು. ಖುಷಿಯಲ್ಲಿ ಎಲ್ಲ ಫೈಲಿಗೂ ತುಂಬಿದ್ದೆ. ಕೊಂಡವರಲ್ಲಿ ಸುಮಾರು ಜನ ಇನ್ನೂ ಎಕ್ಸೆಲ್ 2016 ಇಟ್ಟುಕೊಂಡವರು. ಅದರಲ್ಲಿ ಈ ಫಾರ್ಮುಲಾ ಇಲ್ಲ, 2019ರ ಆವೃತ್ತಿಯಲ್ಲೂ ಇಲ್ಲ. ಮಜಾ ಏನೆಂದರೆ, ಫೈಲು ತೆರೆದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಹಿಂದೆ ಲೆಕ್ಕ ಹಾಕಿಟ್ಟ ಉತ್ತರವೇ ತೋರಿಸುತ್ತದೆ. ಒಂದು ಅಂಕಿ ಬದಲಿಸಿ ನೋಡಿ, ಸಾಲಾಗಿ ನೇಮ್ ಎರರ್, ಅಂದರೆ ಈ ಹೆಸರಿನ ಫಾರ್ಮುಲಾ ಗೊತ್ತಿಲ್ಲ ಅಂತ. ಹಾಗಾಗಿ ಜನ ಕೊಂಡು, ಫೈವ್ ಸ್ಟಾರ್ ಕೊಟ್ಟು, ನಾಲ್ಕು ದಿನ ಬಿಟ್ಟು ಬಂದು ಬಯ್ಯುತ್ತಿದ್ದರು. ಎಲ್ಲವನ್ನೂ ಕಿತ್ತು, ಅದೇ ಕೆಲಸ ಮಾಡುವ ಹಳೇ ಫಾರ್ಮುಲಾ ಇಂಡೆಕ್ಸ್-ಮ್ಯಾಚ್‌ಗೆ ವಾಪಸ್ ಹೋದೆ. 2016 ಇರುವ ಒಂದು ಹಳೇ ಲ್ಯಾಪ್‌ಟಾಪ್ ತಂದಿಟ್ಟೆ. ಅದರಲ್ಲಿ ಪಾಸಾಗದ ಫೈಲು ಅಂಗಡಿಗೆ ಹೋಗಲ್ಲ.

ಇನ್ನೊಂದು ಸಣ್ಣದು, ಆದರೆ ಹುಡುಕಲು ಎರಡು ವಾರ ತಿಂದಿತು. ಜರ್ಮನ್ ಎಕ್ಸೆಲ್ ಬಳಸುವವರಿಗೆ ಇನ್ವಾಯ್ಸ್ ನಂಬರಿನಲ್ಲಿ ವರ್ಷವೇ ಬರುತ್ತಿರಲಿಲ್ಲ. ಫಾರ್ಮುಲಾಗಳ ಹೆಸರು ತಾನಾಗಿ ಆ ಭಾಷೆಗೆ ಬದಲಾಗುತ್ತದೆ. ಆದರೆ ತಾರೀಖನ್ನು ಬೇಕಾದ ರೂಪದಲ್ಲಿ ತೋರಿಸುವ ಟೆಕ್ಸ್ಟ್ ಫಂಕ್ಷನ್ನಿನ ಕೋಟ್ ಗುರುತಿನೊಳಗೆ ನಾವು ಬರೆದದ್ದು ಹಾಗೇ ಉಳಿಯುತ್ತದೆ. ವರ್ಷಕ್ಕೆ ನಾನು ಬರೆದದ್ದು ಇಂಗ್ಲಿಷಿನ 'ವೈ' ಅಕ್ಷರ, ಜರ್ಮನ್ ಎಕ್ಸೆಲ್‌ಗೆ ಬೇಕಾದದ್ದು 'ಜೆ'. ಈಗ ಟೆಕ್ಸ್ಟ್ ಬಿಟ್ಟು ಇಯರ್ ಫಂಕ್ಷನ್ ಹಾಕುತ್ತೇನೆ, ತಲೆನೋವಿಲ್ಲ.

ಬೆಲೆ ಎರಡು ಪಟ್ಟು ಮಾಡಿದೆ. ಇದನ್ನು ಹೆದರಿ ಹೆದರಿ ಒಂದೇ ಫೈಲಿಗೆ ಮಾಡಿದ್ದು. ಮಾರಾಟದ ಸಂಖ್ಯೆ ಕಾಲು ಭಾಗ ಇಳಿಯಿತು, ಅಷ್ಟೇ. ಬಂದ ಮೇಲ್‌ಗಳಂತೂ ಅರ್ಧಕ್ಕರ್ಧ ಇಳಿದವು. ಕಡಿಮೆ ದುಡ್ಡು ಕೊಟ್ಟವರೇ ಜಾಸ್ತಿ ಪ್ರಶ್ನೆ ಕೇಳುತ್ತಾರೆ, ಯಾಕೋ ಗೊತ್ತಿಲ್ಲ. ಜಾಹೀರಾತು ಪೂರ್ತಿ ನಿಲ್ಲಿಸಿದೆ. ಅದರ ಬದಲು ಗಿರಾಕಿ ಬರುವ ದಾರಿ ಒಂದನ್ನು ಹಿಡಿದಿದ್ದೇನೆ. ಅದು ನನ್ನ ಅನ್ನದ ತಟ್ಟೆ, ಇಲ್ಲಿ ಬರೆಯಲ್ಲ. ಮುಂದಿನ ಟೆಂಪ್ಲೇಟು ಯಾವುದು ಮಾಡಬೇಕು ಅನ್ನುವುದಕ್ಕೆ ಮಾತ್ರ ಒಂದು ಸುಳಿವು ಕೊಡುತ್ತೇನೆ: ಜನ ಬರೆಯುವ ಒಂದು ಸ್ಟಾರ್ ವಿಮರ್ಶೆ ಓದಿ, ನಿಮ್ಮ ಫೈಲಿನದ್ದಲ್ಲ, ಬೇರೆಯವರದ್ದು.

ಎರಡನೇ ತಾಲೀಮು 2021ರ ಜೂನ್‌ನಿಂದ ನವೆಂಬರ್‌ವರೆಗೆ, ಆರು ತಿಂಗಳು. ಈ ಸಲ ಬಿಗಿ ಮಾಡಿದೆ. ಬ್ಯಾಂಕಿಗೆ ಬಂದ ದುಡ್ಡು ಮಾತ್ರ ಲೆಕ್ಕ. ಬಂದದ್ದರಲ್ಲಿ ಒಂದು ಪಾಲು ತೆರಿಗೆಗೆ ಅಂತ ಅವತ್ತೇ ಪಕ್ಕಕ್ಕೆ. ಆಫೀಸಿನವರು ಸದ್ದಿಲ್ಲದೆ ಕೊಡುತ್ತಿದ್ದವು ಇವೆಯಲ್ಲ, ಆರೋಗ್ಯ ವಿಮೆ, ಫೋನ್ ಬಿಲ್ಲು, ಲ್ಯಾಪ್‌ಟಾಪು, ಅವನ್ನೂ ನನ್ನ ಜೇಬಿನಿಂದಲೇ ಕೊಟ್ಟ ಹಾಗೆ ಎತ್ತಿಟ್ಟೆ. ಅಕ್ಟೋಬರ್ ಒಂದು ತಿಂಗಳು ಮೇಲ್‌ಗೆ ಉತ್ತರ ಕೊಡುವುದು ಬಿಟ್ಟರೆ ವ್ಯಾಪಾರವನ್ನು ಮುಟ್ಟಲೇ ಇಲ್ಲ. ಹುಷಾರು ತಪ್ಪಿ ಮಲಗಿದರೆ ಏನಾಗುತ್ತದೆ, ನೋಡೋಣ ಅಂತ. 66 ಬಂತು. ನಿಜ ಹೇಳಬೇಕೆಂದರೆ ಕೆಲಸ ಬಿಡುವ ಧೈರ್ಯ ಕೊಟ್ಟಿದ್ದು 104 ಬಂದ ನವೆಂಬರ್ ಅಲ್ಲ, ಈ 66.

ಆರು ತಿಂಗಳ ಸರಾಸರಿ 79. ಎರಡನೇ ತಿಂಗಳೇ 52ಕ್ಕೆ ಬಿದ್ದು, ಆ ಖಾತೆಯಿಂದ 20 ತೆಗೆಯಬೇಕಾಯಿತು. ಆದರೂ ಕೊನೆಗೆ ಅಲ್ಲಿ 580 ಕೂತಿತ್ತು, ಅಂದರೆ ಎಂಟು ತಿಂಗಳ ಮನೆ ಖರ್ಚು. ಅಣ್ಣನಿಗೆ ಅರ್ಥವಾಗದೆ ಇದ್ದದ್ದು ಇದೇ. ಅವನು "ಮೊದಲು ದುಡ್ಡು ಕೂಡಿಸು, ಆಮೇಲೆ ವ್ಯಾಪಾರ ನೋಡು" ಅನ್ನುತ್ತಿದ್ದ. ಎರಡೂ ಒಂದೇ ಏಟಿಗೆ ಆಗುತ್ತದೆ, ಅಲ್ವಾ? ವ್ಯಾಪಾರ ಮನೆ ನಡೆಸಿದರೆ ಸಂಬಳ ಉಳಿಯಲೇಬೇಕು. ಉಳಿಯದಿದ್ದರೆ ಬಿಡುವ ಹೊತ್ತು ಬಂದಿಲ್ಲ.

ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟೆ, ಎರಡು ತಿಂಗಳ ನೋಟಿಸ್. ಕೊಡುವ ಮೊದಲೇ ಕ್ರೆಡಿಟ್ ಕಾರ್ಡು, ಸ್ವಂತ ಆರೋಗ್ಯ ವಿಮೆ ಎರಡನ್ನೂ ಮಾಡಿಸಿಕೊಂಡಿದ್ದೆ. ಸಂಬಳದ ಚೀಟಿ ಕೈಲಿರುವಾಗ ಬ್ಯಾಂಕಿನವರು ಆಡುವ ಮಾತಿಗೂ ಆಮೇಲೆ ಆಡುವ ಮಾತಿಗೂ ಅಜಗಜಾಂತರ.

ಆಮೇಲೆ ಬಿತ್ತು ನೋಡಿ ಹೊಡೆತ. ನನ್ನ ಮಾರಾಟದ ಅರ್ಧಕ್ಕಿಂತ ಜಾಸ್ತಿ ಎರಡು ಫೈಲಿನದ್ದು, ಎರಡರಲ್ಲೂ ಮ್ಯಾಕ್ರೋ, ಅಂದರೆ ಫೈಲಿನೊಳಗೇ ಕೂತು ಕೆಲಸ ಮಾಡುವ ಸಣ್ಣ ಪ್ರೋಗ್ರಾಮು. ಬಟನ್ ಒತ್ತಿದರೆ ಹೊಸ ಇನ್ವಾಯ್ಸ್ ಬರಬೇಕು. ಇಂಟರ್ನೆಟ್‌ನಿಂದ ಇಳಿಸಿದ ಆಫೀಸ್ ಫೈಲುಗಳಲ್ಲಿ ಮ್ಯಾಕ್ರೋ ತಾನಾಗಿ ತಡೆಯುತ್ತೇವೆ ಅಂತ ಮೈಕ್ರೋಸಾಫ್ಟ್ 2022ರ ಫೆಬ್ರವರಿಯಲ್ಲೇ ಹೇಳಿತ್ತು. ನಾನು ಓದಿದ್ದೆ, ಆಫೀಸಿನ ಸೀಟಲ್ಲೇ ಕೂತು ಓದಿದ್ದೆ. ವೈರಸ್ ಅದರಿಂದಲೂ ಹರಡುತ್ತದೆ, ತಡೆಯುವುದು ಸರಿಯೇ. "ಬರುವಾಗ ನೋಡಿಕೊಳ್ಳೋಣ" ಅಂದುಕೊಂಡದ್ದು ನನ್ನ ತಪ್ಪು. ಜುಲೈ ಮೊದಲಿಗೆ ಅದನ್ನು ಸ್ವಲ್ಪ ದಿನ ಹಿಂದೆ ತೆಗೆದುಕೊಂಡಾಗ ಇನ್ನೂ ಆರಾಮಾದೆ. ತಿಂಗಳ ಕೊನೆಗೆ ಮತ್ತೆ ಜಾರಿ ಮಾಡಿದರು. ಫೈಲು ತೆರೆದಾಗ ಬರುವ ಎಚ್ಚರಿಕೆಯ ಕೆಂಪು ಪಟ್ಟಿ ನೋಡಿದ ಜನ ಹೆದರಿದರು. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅನ್‌ಬ್ಲಾಕ್ ಅಂತ ವಿಡಿಯೋ ಮಾಡಿ ಹಾಕಿದೆ. ಅದನ್ನು ನೋಡಿ ಜಾಸ್ತಿ ಜನ ರಿಫಂಡ್ ಕೇಳಿದರು! ಗೊತ್ತಿಲ್ಲದವನೊಬ್ಬ "ಭದ್ರತೆ ತೆಗೆದುಹಾಕಿ" ಅಂದರೆ ನಾನಾದರೂ ತೆಗೆಯುತ್ತಿದ್ದೆನಾ?

ಆಗಸ್ಟ್ 38. ಸೆಪ್ಟೆಂಬರ್ 24. ಆ ತಿಂಗಳು ಹಳೇ ಮ್ಯಾನೇಜರ್ ಫೋನ್ ಮಾಡಿ "ಹೇಗಿದ್ದೀರಿ, ಜಾಗ ಖಾಲಿ ಇದೆ" ಅಂದರು. ಚೆನ್ನಾಗಿದ್ದೇನೆ ಸಾರ್ ಅಂದೆ. ಫೋನ್ ಇಟ್ಟು ಅರ್ಧ ಗಂಟೆ ಗೋಡೆ ನೋಡುತ್ತಾ ಕೂತಿದ್ದೆ.

ಮ್ಯಾಕ್ರೋ ಇಲ್ಲದೆ ಅದೇ ಫೈಲು ಮಾಡಲು ಏಳು ವಾರ ಹಿಡಿಯಿತು. ಬಟನ್ ಒತ್ತಿ ಹೊಸ ನಂಬರ್ ತರುವುದನ್ನು ಫಾರ್ಮುಲಾದಿಂದ ಮಾಡಲಾಗದು. ಕೊನೆಗೆ ಫೈಲನ್ನೇ ತಿರುಗಿಸಿ ಹಾಕಿದೆ. ಒಂದು ಶೀಟಿನಲ್ಲಿ ಇನ್ವಾಯ್ಸಿಗೊಂದು ಸಾಲು, ಪ್ರಿಂಟ್ ಶೀಟಿನಲ್ಲಿ ನಂಬರ್ ಬರೆದರೆ ಆ ಸಾಲನ್ನು ಎಳೆದುಕೊಂಡು ಬರುತ್ತದೆ. ಹಳೆಯದಕ್ಕಿಂತ ಇದೇ ಚೆನ್ನಾಗಿದೆ, ಜನರೇ ಹೇಳುತ್ತಾರೆ. ಹಳೇ ಗಿರಾಕಿಗಳಿಗೆಲ್ಲ ಪುಕ್ಕಟೆ ಕಳಿಸಿದೆ. ಆ ನಾಲ್ಕು ತಿಂಗಳಿಗೆ ಕೂಡಿಟ್ಟಿದ್ದರಲ್ಲಿ ಸುಮಾರು 130 ಕರಗಿತು. 580 ಇದ್ದುದಕ್ಕೆ ನಿದ್ದೆಯಾದರೂ ಬರುತ್ತಿತ್ತು. 2023ರ ಜನವರಿಗೆ ಮತ್ತೆ 80. ಹೋದ ವರ್ಷದ ಸರಾಸರಿ 140ರ ಸುತ್ತ.

ಸೋತ ಪ್ರಯೋಗಗಳೂ ಬೇಕಾದಷ್ಟಿವೆ. ತಿಂಗಳ ಚಂದಾ ಮಾಡಿದೆ, 30 ಜನ ಸೇರಿದರು, ಮೂರು ತಿಂಗಳಿಗೆ ನಾಲ್ಕು ಜನ ಉಳಿದರು. ಎಲ್ಲ ಫೈಲನ್ನೂ ಮೊದಲ ದಿನವೇ ಇಳಿಸಿಕೊಂಡರೆ ಇನ್ಯಾಕೆ ಇರುತ್ತಾರೆ ಹೇಳಿ. ವಿಡಿಯೋ ಕೋರ್ಸಿಗೆ ಮೈಕು, ಲೈಟು ಅಂತ 40 ಸುರಿದೆ, ಬಂದದ್ದು 9. ಮೈಕು ಈಗ ಮಗಳ ಹಾಡಿಗೆ.

ತಾಲೀಮು ಕಲಿಸದ ಒಂದು ವಿಷಯವಿದೆ, ಹೊತ್ತು. ಆಫೀಸಿನ ಎಂಟು ಗಂಟೆ ಉಳಿದರೆ ಕೆಲಸ ಮೂರು ಪಟ್ಟು ಆಗುತ್ತದೆ ಅಂತ ಎಣಿಸಿದ್ದೆ. ಮೊದಲ ಎರಡು ತಿಂಗಳು ಲೋಗೋದ ಬಣ್ಣ ಬದಲಿಸಿದ್ದೇ ಬಂತು. ರಾತ್ರಿ ಎರಡು ಗಂಟೆಯಲ್ಲಿ ಮುಗಿಯುತ್ತಿದ್ದ ಫೈಲು ಹಗಲಲ್ಲಿ ಎರಡು ದಿನ ಹಿಡಿಯುತ್ತಿತ್ತು. ಈಗಲೂ ನನ್ನ ಒಳ್ಳೆ ಕೆಲಸ ಆಗುವುದು ರಾತ್ರಿ ಒಂಬತ್ತರ ಮೇಲೆಯೇ, ಹಗಲು ಬರೀ ಮೇಲ್.

ಸದ್ಯದ ಚಿಂತೆ ಆ ಹಳೇ ಲ್ಯಾಪ್‌ಟಾಪು. ಬ್ಯಾಟರಿ ಉಬ್ಬಿ ಕೀಬೋರ್ಡ್ ಮೇಲೆದ್ದಿದೆ. ಎಕ್ಸೆಲ್ 2016ಕ್ಕೆ 2025ರ ಅಕ್ಟೋಬರ್‌ಗೆ ಬೆಂಬಲವೂ ನಿಂತಿದೆ. ಆದರೆ ಹೋದ ವಾರವೂ ಅದರಲ್ಲೇ ಫೈಲು ತೆರೆಯುವ ಮೂವರು ಮೇಲ್ ಮಾಡಿದ್ದಾರೆ. ಅಂಥದ್ದೇ ಇನ್ನೊಂದು ಹುಡುಕಬೇಕು.