ಹಲ್ಲಿನ ಖರ್ಚು: ದುಡ್ಡಿನ ಬದಲು ಹೊತ್ತು ಕೊಟ್ಟ ಲೆಕ್ಕ

ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ನಾನು ಡಿಟಿಪಿ ಮಾಡುತ್ತೇನೆ. ಪುಟಕ್ಕಿಷ್ಟು ಅಂತ ಕೂಲಿ. ಕೂತಷ್ಟು ಹೊತ್ತು ಕಾಸು. ಕೆಳಗಿನ ಎಡ ದವಡೆ ಹಲ್ಲು ರಾತ್ರಿ ಮಲಗಿದ ಮೇಲೆ ಮಿಡಿಯಲು ಶುರುವಾದಾಗ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಅವರು ಕೊಟ್ಟ ಅಂದಾಜು ಪಟ್ಟಿ ಒಂದು ಲಕ್ಷ ದಾಟಿತ್ತು. ರೂಟ್ ಕೆನಾಲ್ (ಹಲ್ಲಿನ ಬೇರಿನ ಒಳಗನ್ನು ತೊಳೆದು ತುಂಬುವುದು), ಅದರ ಮೇಲೆ ಜಿರ್ಕೋನಿಯಾ ಕ್ಯಾಪ್, ಎರಡು ಫಿಲ್ಲಿಂಗ್, ಕ್ಲೀನಿಂಗ್, ಯಾವತ್ತೋ ಕೀಳಿಸಿದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಅಂದರೆ ಮೂಳೆಗೆ ತಿರುಪು ಕೂರಿಸಿ ಕಟ್ಟುವ ಹಲ್ಲು, ಮುಂದಿನ ಆರು ಹಲ್ಲಿಗೆ ವಿನಿಯರ್ ಅಂದರೆ ಮೇಲೆ ಅಂಟಿಸುವ ತೆಳು ಹೊದಿಕೆ.

ಪಟ್ಟಿಯಲ್ಲಿ ಸುಳ್ಳೇನೂ ಇರಲಿಲ್ಲ ಅಂತ ಈಗ ಗೊತ್ತು. ಆದರೆ ಇವತ್ತು ಮಾಡದಿದ್ದರೆ ಕೆಡುವುದು ಯಾವುದು, ಐದು ವರ್ಷ ಬಿಟ್ಟರೂ ನಡೆಯುವುದು ಯಾವುದು ಅನ್ನುವುದು ಆ ಪಟ್ಟಿಯಲ್ಲಿ ಬರೆದಿರಲಿಲ್ಲ. ಅದನ್ನೇ ಕೇಳಿದೆ. "ಇದರಲ್ಲಿ ಬಿಟ್ಟರೆ ಹಲ್ಲು ಕಳೆದುಕೊಳ್ಳುವಂಥದ್ದು ಯಾವುದು ಡಾಕ್ಟ್ರೇ?" ಅಂದಾಗ ಅವರೇ ರೂಟ್ ಕೆನಾಲ್, ಫಿಲ್ಲಿಂಗ್ ಎರಡರ ಕೆಳಗೂ ಗೆರೆ ಎಳೆದರು. ವಿನಿಯರ್ ನನ್ನ ಹಲ್ಲಿನ ಕಂದು ಕಲೆ ಮುಚ್ಚುವುದಕ್ಕೆ. ನಮ್ಮದು ಪಾವಗಡದ ಕಡೆ. ಕೊಳವೆಬಾವಿ ನೀರಿನ ಫ್ಲೋರೈಡ್ ಕುಡಿದೇ ಬೆಳೆದವರು, ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಹಲ್ಲು ಹೀಗೇ ಇತ್ತು. ಅದು ಹುಳುಕಲ್ಲ, ನೋಯುವುದಿಲ್ಲ. ವಿನಿಯರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಇಂಪ್ಲಾಂಟನ್ನೂ ಹೊಡೆದುಹಾಕಿದೆ. ಖಾಲಿ ಜಾಗ ಹಾಗೇ ಇದ್ದರೆ ಅಕ್ಕಪಕ್ಕದ ಹಲ್ಲು ನಿಧಾನಕ್ಕೆ ವಾಲಬಹುದು, ಎದುರಿನದು ಇಳಿಯಬಹುದು. ಅದನ್ನು ವರ್ಷಕ್ಕೊಮ್ಮೆ ನೋಡಿಸುತ್ತಾ ಇದ್ದರಾಯಿತು ಅನ್ನುವ ತೀರ್ಮಾನ ನನ್ನದು.

ಉಳಿದದ್ದನ್ನು ಎಲ್ಲಿ ಮಾಡಿಸುವುದು? ಪ್ರೆಸ್ಸಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಸರ್ಕಾರಿ ದಂತ ಕಾಲೇಜಿದೆ. ಕೆ.ಆರ್. ಮಾರ್ಕೆಟ್ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ. ಕೋಟೆ ದಂತ ಕಾಲೇಜು ಅಂದರೆ ಆಟೋದವರಿಗೂ ಗೊತ್ತು. 1958ರಿಂದ ಇದೆ. ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದ್ದರೂ ಅದು ಬರೀ ಓದುವವರ ಜಾಗ ಅಂದುಕೊಂಡಿದ್ದೆ.

ಕಾಲೇಜು ಆಸ್ಪತ್ರೆ ನಡೆಯುವ ಕ್ರಮ ಗೊತ್ತಿಲ್ಲದೆ ಹೋದರೆ ಮೊದಲ ದಿನವೇ ಬೇಸತ್ತು ವಾಪಸ್ ಬರುತ್ತೀರಿ. ಕ್ಲಿನಿಕ್ಕಿನಲ್ಲಿ ಒಬ್ಬರೇ ಡಾಕ್ಟರು ಎಲ್ಲ ಮಾಡುತ್ತಾರೆ; ಕಾಲೇಜಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ವಿಭಾಗ. ಓಪಿ (ಹೊರರೋಗಿ) ಚೀಟಿ ಮಾಡಿಸಿದ ಮೇಲೆ ಎಲ್ಲರೂ ಮೊದಲು ಹೋಗುವುದು ಓರಲ್ ಮೆಡಿಸಿನ್ ವಿಭಾಗಕ್ಕೆ. ಅಲ್ಲಿ ಇಡೀ ಬಾಯಿ ನೋಡಿ, ಹಲ್ಲಿನ ನಂಬರ್ ಹಾಕಿ, ಎಕ್ಸ್‌ರೇ ಬರೆದು, ಯಾವ ಹಲ್ಲಿಗೆ ಯಾವ ವಿಭಾಗ ಅಂತ ಹಂಚುತ್ತಾರೆ. ಕೀಳಿಸುವುದು ಸರ್ಜರಿಗೆ, ಕ್ಲೀನಿಂಗ್ ಪೆರಿಯೋಗೆ, ಫಿಲ್ಲಿಂಗ್ ಮತ್ತು ರೂಟ್ ಕೆನಾಲ್ ಕನ್ಸರ್ವೇಟಿವ್‌ಗೆ, ಕ್ಯಾಪ್ ಮತ್ತು ಹಲ್ಲು ಸೆಟ್ ಪ್ರಾಸ್ತೋಗೆ, ಮಕ್ಕಳದು ಪೀಡೋಗೆ. ಆ ಮೊದಲ ದಿನ ಚಿಕಿತ್ಸೆ ಶುರುವಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬಾರದು. ಚೀಟಿ, ತಪಾಸಣೆ, ಎಕ್ಸ್‌ರೇ, ಇಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಸೋಮವಾರವಂತೂ ಜಾತ್ರೆ. ವಾರದ ನಡುವೆ, ಬಾಗಿಲು ತೆಗೆಯುವ ಹೊತ್ತಿಗೇ ನಿಂತರೆ ಅರ್ಧ ದಿನದ ಕೂಲಿ ಉಳಿಯುತ್ತದೆ.

ಪ್ರತಿ ಕಾಗದದ ಫೋಟೊ ತೆಗೆದುಕೊಳ್ಳಿ. ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು ಫೋನಿನಲ್ಲಿ ಕ್ಲಿಕ್ಕಿಸಿಕೊಂಡರೂ ಸಾಕು, ಇನ್ನೊಂದು ಕಡೆ ಅಭಿಪ್ರಾಯ ಕೇಳುವಾಗ ಕೆಲಸಕ್ಕೆ ಬರುತ್ತದೆ. ನಾನು ಹಾಗೇ ಮಾಡಿದೆ. ಸರ್ಕಾರಿ ಕಾಲೇಜಿನಲ್ಲಿ ಹಲ್ಲು ಯಾವ ಸ್ಥಿತಿಯಲ್ಲಿದೆ ಅನ್ನುವುದು ಖಚಿತವಾಯಿತು. ರೂಟ್ ಕೆನಾಲನ್ನು ಮನೆಗೆ ಹತ್ತಿರದ ಒಂದು ಖಾಸಗಿ ದಂತ ಕಾಲೇಜಿನಲ್ಲಿ ಮಾಡಿಸಿದೆ, ಸಂಜೆ ಹೋಗಿ ಬರಲು ಬಸ್ ಸುಲಭ ಅಂತ. ಖಾಸಗಿ ಕಾಲೇಜುಗಳಿಗೂ ಕಲಿಸಲು ರೋಗಿಗಳು ಬೇಕೇ ಬೇಕು, ಹಾಗಾಗಿ ದರ ಕ್ಲಿನಿಕ್ಕಿನ ಹತ್ತಿರಕ್ಕೂ ಬರುವುದಿಲ್ಲ. ರೂಟ್ ಕೆನಾಲ್, ಕ್ಯಾಪ್ ಎರಡೂ ಸೇರಿ ಕ್ಲಿನಿಕ್ ಹೇಳಿದ್ದರ ಕಾಲು ಭಾಗದೊಳಗೆ ಮುಗಿಯಿತು.

ಓದುವ ಹುಡುಗರ ಕೈಗೆ ಹಲ್ಲು ಕೊಡುವುದಾ ಅಂತ ನನ್ನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಬಿಡಿಎಸ್ ಅಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದು ಮುಗಿಸಿದ ಡಾಕ್ಟರು ಮತ್ತೆ ಮೂರು ವರ್ಷ ಒಂದೇ ವಿಭಾಗದಲ್ಲಿ ಓದುವುದು ಎಂಡಿಎಸ್. ಅವರನ್ನೇ ಪಿಜಿ ಅನ್ನುವುದು. ಬೀದಿಯಲ್ಲಿ ಬೋರ್ಡ್ ಹಾಕಿ ಕೂತ ಎಷ್ಟೋ ಡಾಕ್ಟರುಗಳಷ್ಟೇ ಅವರಿಗೂ ಅರ್ಹತೆ ಇರುತ್ತದೆ. ದವಡೆ ಹಲ್ಲಿನ ರೂಟ್ ಕೆನಾಲನ್ನು ಸಾಮಾನ್ಯವಾಗಿ ಅವರೇ ಮಾಡುವುದು. ಇಲ್ಲಿ ಒಂದು ಒಳಗುಟ್ಟಿದೆ. ಬಿಡಿಎಸ್ ವಿದ್ಯಾರ್ಥಿಗಳು, ಇಂಟರ್ನ್‌ಗಳು ಕೆಲವು ವಾರ ಒಂದು ವಿಭಾಗದಲ್ಲಿದ್ದು ಮುಂದಿನದಕ್ಕೆ ಹೋಗುತ್ತಾರೆ. ನಿಮ್ಮ ಹಲ್ಲು ಅರ್ಧಕ್ಕೆ ನಿಂತಾಗ ಅವರ ಪೋಸ್ಟಿಂಗ್ ಮುಗಿದರೆ ಹೊಸಬರಿಗೆ ಮೊದಲಿಂದ ಕಥೆ ಹೇಳಬೇಕು. ಪಿಜಿ ಎಲ್ಲೂ ಹೋಗುವುದಿಲ್ಲ. ಫಿಲ್ಲಿಂಗ್, ಕ್ಲೀನಿಂಗ್‌ನಂಥ ಒಂದೇ ದಿನದ ಕೆಲಸಕ್ಕೆ ಯಾರಾದರೂ ಸರಿ. ಹಲವು ಸಲ ಹೋಗಬೇಕಾದ ಕೆಲಸಕ್ಕೆ "ಪಿಜಿ ಹತ್ತಿರ ಕೊಡಿ" ಅಂತ ಕೇಳಿ, ಫೋನ್ ನಂಬರ್ ತಗೊಳ್ಳಿ. ಅವರೂ ನಿಮ್ಮ ನಂಬರ್ ತಗೊಳ್ಳುತ್ತಾರೆ, ಯಾಕೆಂದರೆ ಇಂತಿಷ್ಟು ಕೇಸ್ ಮುಗಿಸಲೇಬೇಕು ಅನ್ನುವ ಒತ್ತಡ ಅವರ ಮೇಲಿರುತ್ತದೆ. ನನಗಂತೂ ಡಾಕ್ಟರೇ ಫೋನ್ ಮಾಡಿ "ಸರ್, ನಾಳೆ ಬರ್ತೀರಲ್ವಾ?" ಅಂತ ಗೋಗರೆದದ್ದು ಅದೇ ಮೊದಲು. ಪರೀಕ್ಷೆಗೆ ಕೇಸ್ ಸಿಗದ ಹುಡುಗನೊಬ್ಬ ಪಕ್ಕದ ಕುರ್ಚಿಯ ಅಜ್ಜನ ಚೀಟಿಗೆ ತಾನೇ ದುಡ್ಡು ಕಟ್ಟಿದ್ದನ್ನೂ ನೋಡಿದ್ದೇನೆ.

ಕೆಲಸ ಹೇಗಿತ್ತು ಅಂದರೆ, ಕ್ಲಿನಿಕ್ಕಿನಲ್ಲಿ ಹಿಂದೊಮ್ಮೆ ಬೇರೆ ಹಲ್ಲಿಗೆ ಮಾಡಿಸಿದ್ದಕ್ಕಿಂತ ಇಲ್ಲೇ ಶಿಸ್ತು ಹೆಚ್ಚು ಕಂಡಿತು. ಮರಗಟ್ಟಿಸಿದ ಮೇಲೆ ಬಾಯಿಗೆ ಹಸಿರು ರಬ್ಬರ್ ಹಾಳೆ ಬಿಗಿದರು; ಅದರ ತೂತಿನಿಂದ ಆ ಒಂದು ಹಲ್ಲು ಮಾತ್ರ ಹೊರಗೆ ಇಣುಕುತ್ತಿತ್ತು. ಎಂಜಲು ಒಳಗೆ ಸೇರಬಾರದು, ಔಷಧಿ ಗಂಟಲಿಗೆ ಇಳಿಯಬಾರದು ಅಂತ. ಬ್ಲೀಚಿಂಗ್ ಪೌಡರ್ ವಾಸನೆಯ ದ್ರವ ಹಾಕಿ ಬೇರಿನ ಕಾಲುವೆಗಳನ್ನು ತೊಳೆಯುವುದು, ಕೂದಲೆಳೆಯಂಥ ಸೂಜಿಯಿಂದ ಉಜ್ಜುವುದು. ಸೂಜಿಗಳ ಹಿಡಿಗೆ ಬಿಳಿ, ಹಳದಿ, ಕೆಂಪು, ನೀಲಿ ಅಂತ ದಪ್ಪದ ಪ್ರಕಾರ ಬಣ್ಣ. ಪ್ರತಿಯೊಂದಕ್ಕೂ ಪುಟ್ಟ ರಬ್ಬರ್ ಬಿಲ್ಲೆ ಸಿಕ್ಕಿಸಿ ಸ್ಕೇಲಿನ ಮೇಲಿಟ್ಟು ಅಳೆಯುತ್ತಿದ್ದರು, ಬೇರಿನ ತುದಿ ದಾಟಬಾರದಲ್ಲ. ಸೂಜಿ ಒಳಗಿರುವಾಗಲೇ ಎಕ್ಸ್‌ರೇ. ಆಮೇಲೆ ಪಿಜಿ ಎದ್ದು ಹೋಗಿ ಪ್ರೊಫೆಸರನ್ನು ಕರೆತರುವುದು, ಅವರು ಬಗ್ಗಿ ನೋಡಿ "ಮೀಸಿಯಲ್ ಇನ್ನೂ ಅರ್ಧ ಮಿಲ್ಲಿ" (ಮುಂಭಾಗದ ಬೇರು ಇನ್ನೂ ಅರ್ಧ ಮಿಲಿಮೀಟರ್) ಅಂತ ಹೇಳಿ ಹೋಗುವುದು, ಮತ್ತೆ ಉಜ್ಜುವುದು. ಹಂತ ಹಂತಕ್ಕೂ ಮೇಲಿನವರ ಸಹಿ ಬಿದ್ದರೆ ಮಾತ್ರ ಮುಂದಕ್ಕೆ. ನಾನು ಪ್ರೂಫ್ ತಿದ್ದಿಸಿಕೊಂಡು ಪುಟ ಕಳಿಸುವ ಹಾಗೇ ಇದೂ. ಬಾಯಿ ತೆರೆದು ದವಡೆ ಸೋತುಹೋಗುತ್ತದೆ ಅನ್ನುವುದೂ ನಿಜ. ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆಯ ಕೆಲಸಕ್ಕೆ ಇಲ್ಲಿ ಎರಡು ಗಂಟೆ.

ಕ್ಯಾಪ್ ವಿಷಯ. ನೋವು ಹೋಯಿತಲ್ಲ ಅಂತ ಕ್ಯಾಪ್ ಹಾಕಿಸದೆ ಬಿಡುವವರು ನಮ್ಮಲ್ಲಿ ಬಹಳ. ರೂಟ್ ಕೆನಾಲ್ ಆದ ದವಡೆ ಹಲ್ಲಿನಲ್ಲಿ ಉಳಿದಿರುವ ಗೋಡೆ ತೆಳು. ಕಡಲೆಕಾಯಿ ಜಗಿಯುವಾಗ ಸೀಳಿದರೆ ಅಷ್ಟೂ ಖರ್ಚು ನೀರಿಗೆ ಬಿದ್ದ ಹಾಗೆ. ಆದರೆ ಕ್ಯಾಪ್ ದುಬಾರಿಯದೇ ಆಗಬೇಕಿಲ್ಲ. ಹಲ್ಲಿನ ಬಣ್ಣದ ಜಿರ್ಕೋನಿಯಾ, ಒಳಗೆ ಲೋಹ ಮೇಲೆ ಪಿಂಗಾಣಿ, ಪೂರ್ತಿ ಲೋಹ ಅಂತ ಮೂರು ಬಗೆ ತೋರಿಸಿದರು. ಲೋಹದ್ದು ಅಗ್ಗ, ಗಟ್ಟಿ, ಹಲ್ಲನ್ನೂ ಕಡಿಮೆ ಸವೆಸಿದರೆ ಸಾಕು. ಕೊನೆಯ ದವಡೆ ಹಲ್ಲನ್ನು ನೋಡುವವರು ಯಾರು? ಲೋಹದ್ದೇ ಹಾಕಿಸಿಕೊಂಡೆ. ಆಕಳಿಸುವಾಗ ಮಗಳು "ಅಪ್ಪನ ಬೆಳ್ಳಿ ಹಲ್ಲು" ಅನ್ನುತ್ತಾಳೆ.

ಮಗಳದ್ದು ಬೇಗ ಮುಗಿದ ಕಥೆ. ಪೀಡೋ ವಿಭಾಗದಲ್ಲಿ ಎರಡು ಹಾಲುಹಲ್ಲಿಗೆ ಫಿಲ್ಲಿಂಗ್, ಹೊಸದಾಗಿ ಬಂದ ದವಡೆ ಹಲ್ಲಿನ ಗೀರುಗಳಿಗೆ ಸೀಲೆಂಟ್, ಅಂದರೆ ಹುಳುಕು ಹಿಡಿಯದ ಹಾಗೆ ಮುಚ್ಚುವ ತೆಳು ಲೇಪ. ಈ ಸೀಲೆಂಟ್ ಇಡೀ ಲೆಕ್ಕದಲ್ಲೇ ಅತಿ ಲಾಭದ ಬಾಬ್ತು ಅಂತ ನನಗನ್ನಿಸುತ್ತದೆ. ಆರೇಳು ವರ್ಷಕ್ಕೆ ಹುಟ್ಟುವ ಆ ಹಲ್ಲು ಮತ್ತೆ ಬೀಳುವುದಿಲ್ಲ, ಹುಳುಕು ಮೊದಲು ಹಿಡಿಯುವುದೂ ಅದನ್ನೇ.

ಅಮ್ಮನದು ದೊಡ್ಡ ಕೆಲಸ. ಉಳಿದಿದ್ದ ಹಲ್ಲುಗಳೆಲ್ಲ ಅಲ್ಲಾಡುತ್ತಿದ್ದವು. ಮುದ್ದೆ ನುಂಗುವುದಕ್ಕೆ ಹಲ್ಲು ಯಾಕೆ ಅಂತ ಅವಳ ವಾದ. ಆದರೆ ಸೊಪ್ಪು, ಕಾಳು ಬಿಟ್ಟು ಬರೀ ಮುದ್ದೆ, ತಿಳಿಸಾರಿಗೆ ಇಳಿದು ಸೊರಗಿದ್ದಳು. ಬಿಪಿಎಲ್ ಕುಟುಂಬದವರಿಗೆ ಉಚಿತವಾಗಿ ಹಲ್ಲು ಸೆಟ್ ಮಾಡಿಕೊಡುವ ದಂತ ಭಾಗ್ಯ ಅನ್ನುವ ರಾಜ್ಯ ಸರ್ಕಾರದ ಯೋಜನೆ ಇದೆ. ಮೊದಲು 60 ದಾಟಿದವರಿಗೆ ಅಂತ ಶುರುವಾಗಿ ಆಮೇಲೆ 45ಕ್ಕೆ ಇಳಿಸಿದರು. ಸರ್ಕಾರಿ ದಂತ ಕಾಲೇಜುಗಳ ಜೊತೆಗೆ ಖಾಸಗಿ ದಂತ ಕಾಲೇಜುಗಳೂ ಇದರಲ್ಲಿ ಸೇರಿವೆ. ರೇಷನ್ ಕಾರ್ಡು, ಆಧಾರ್ ಇಟ್ಟುಕೊಂಡು ಹೋಗಿ ಮೊದಲ ದಿನವೇ ಓಪಿಯಲ್ಲಿ ಯೋಜನೆಯ ಹೆಸರು ಹೇಳಿ. ನೀವಾಗಿ ಬಾಯಿಬಿಡದಿದ್ದರೆ ಮಾಮೂಲಿ ಚೀಟಿಯಲ್ಲೇ ಸಾಗಿಬಿಡುತ್ತದೆ.

ಸಕ್ಕರೆ ಕಾಯಿಲೆ ಇರುವುದರಿಂದ ಅವಳಿಗೆ ರಕ್ತ ಪರೀಕ್ಷೆ ಮಾಡಿಸಿದ ಮೇಲೇ ಹಲ್ಲು ಕಿತ್ತರು, ಅದೂ ಒಂದೇ ಸಲಕ್ಕಲ್ಲ. ಒಸಡು ಮಾಗಲು ಕೆಲವು ತಿಂಗಳು ಕಾಯಬೇಕು. ಆಮೇಲೆ ಅಚ್ಚು ತೆಗೆಯುವುದು, ಆ ಅಚ್ಚಿನಿಂದ ಅವಳದೇ ಅಳತೆಯ ತಟ್ಟೆ ಮಾಡಿ ಎರಡನೇ ಅಚ್ಚು, ಮೇಣದ ಕಟ್ಟೆ ಇಟ್ಟು ಮೇಲಿನ ಕೆಳಗಿನ ದವಡೆ ಎಲ್ಲಿ ಕೂಡುತ್ತವೆ ಅಂತ ನೋಡುವುದು, ಮೇಣದಲ್ಲೇ ಹಲ್ಲು ಜೋಡಿಸಿ ಕನ್ನಡಿ ಹಿಡಿಯುವುದು. ಇದೇ ಮುಖ್ಯವಾದ ದಿನ. ಬದಲಾಯಿಸಬೇಕು ಅನ್ನಿಸಿದ್ದೆಲ್ಲ ಅವತ್ತೇ ಹೇಳಬೇಕು, ಪ್ಲಾಸ್ಟಿಕ್ಕಿಗೆ ಎರಕವಾದ ಮೇಲೆ ಆಗುವುದಿಲ್ಲ. ಅಮ್ಮ ಕನ್ನಡಿ ನೋಡಿ "ಇಷ್ಟು ಬೆಳ್ಳಗೆ ಬೇಡಪ್ಪ, ಊರಿನವರು ನಗ್ತಾರೆ" ಅಂದಳು. ಸೆಟ್ ಮಾಡುತ್ತಿದ್ದ ಹುಡುಗಿ ನಕ್ಕು ಒಂದು ಛಾಯೆ ಹಳದಿಯ ಹಲ್ಲುಗಳನ್ನು ಆರಿಸಿ ಮತ್ತೆ ಜೋಡಿಸಿದಳು.

ಸೆಟ್ ಕೈಗೆ ಬಂದ ಮೇಲೆ ಎಷ್ಟೋ ಜನ ಅದನ್ನು ಡಬ್ಬಿಯಲ್ಲಿಟ್ಟು ಮರೆತುಬಿಡುತ್ತಾರೆ, ಚುಚ್ಚುತ್ತದೆ ಅಂತ. ಮೊದಮೊದಲು ಚುಚ್ಚಿಯೇ ಚುಚ್ಚುತ್ತದೆ. ಹಾಕಿಕೊಂಡೇ ಹೋಗಿ ಹುಣ್ಣಾದ ಜಾಗ ತೋರಿಸಿದರೆ ಅಷ್ಟನ್ನು ಉಜ್ಜಿ ಕೊಡುತ್ತಾರೆ. ಬ್ಲೇಡಿನಿಂದ ಮನೆಯಲ್ಲೇ ಕೆರೆದುಕೊಂಡು ಹಾಳು ಮಾಡಿಕೊಂಡವರನ್ನು ಅಲ್ಲಿ ಸಾಲಿನಲ್ಲೇ ಕಂಡೆ. ರಾತ್ರಿ ತೆಗೆದು ನೀರಿನಲ್ಲಿಡಬೇಕು. ಈಗ ಅಮ್ಮ ಅವರೆಕಾಳು ತಿನ್ನುತ್ತಾಳೆ, ನಿಪ್ಪಟ್ಟಿಗೆ ಮಾತ್ರ ಧೈರ್ಯವಿಲ್ಲ.

ಬೇರೆ ಊರಿನವರಿಗೂ ದಾರಿ ಇದೆ. ರಾಜ್ಯ ಸರ್ಕಾರದ ಇನ್ನೊಂದು ದಂತ ಕಾಲೇಜು ಬಳ್ಳಾರಿಯಲ್ಲಿದೆ, ಮೊದಲು ವಿಮ್ಸ್ ಅನ್ನುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ. ದಾವಣಗೆರೆಯಲ್ಲಿ ಎರಡು ಖಾಸಗಿ ಕಾಲೇಜು, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ, ಮೈಸೂರಿನಲ್ಲಿ ಜೆಎಸ್‌ಎಸ್, ಸುಳ್ಯದಲ್ಲಿ ಕೆವಿಜಿ, ಹಾಸನದಲ್ಲಿ ಹಾಸನಾಂಬ. ಕಾಲೇಜು ದೂರವಾದರೆ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿದ್ದಾರೆ. ಕೀಳಿಸುವುದು, ಮಾಮೂಲಿ ಫಿಲ್ಲಿಂಗ್ ಅಲ್ಲೇ ಆಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುವವರು ಹಲ್ಲಿಗೆ ಕೈಯಿಂದ ಹಾಕುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ನಮ್ಮ ಮಷೀನ್ ವಿಭಾಗದ ಗೆಳೆಯ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ತನ್ನದೂ ಹೆಂಡತಿಯದೂ ತೋರಿಸಿಕೊಂಡ. ಕಲಬುರಗಿಯಲ್ಲಂತೂ ಇಎಸ್‌ಐಯದೇ ದಂತ ಕಾಲೇಜಿದೆ. ಆರೋಗ್ಯ ವಿಮೆ ನಂಬಿಕೊಂಡು ಕೂರಬೇಡಿ. ಅಪಘಾತದಲ್ಲಿ ಮುರಿದ ಹಲ್ಲಿಗೆ ಬಿಟ್ಟರೆ ಬಹುತೇಕ ಪಾಲಿಸಿಗಳು ಹಲ್ಲಿನ ಖರ್ಚು ಕೊಡುವುದಿಲ್ಲ.

ಕ್ಲಿನಿಕ್ಕಿಗೇ ಹೋಗಬೇಕಾಗಿ ಬಂದರೆ ಗೋಡೆ ನೋಡಿ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ರಾಜ್ಯ ಮಾಡಿದ 2007ರ ಕೆಪಿಎಂಇ ಕಾಯಿದೆ ಪ್ರಕಾರ ನೋಂದಣಿ ಪತ್ರ, ದರಪಟ್ಟಿ ಕಾಣುವ ಹಾಗೆ ಹಾಕಿರಬೇಕು. ದರ ಕೇಳಲು ನಾಚಿಕೆ ಬೇಡ, ಕಂತು ಕೇಳಲೂ ಬೇಡ.

ಅಗ್ಗ ಅಂತ ನಾನು ಹತ್ತಿರವೂ ಸುಳಿಯದ ಜಾಗ ಒಂದಿದೆ: ಫುಟ್‌ಪಾತಿನಲ್ಲಿ, ಸಂತೆಯಲ್ಲಿ ಹಲ್ಲು ಕಟ್ಟುವವರು. ಪಕ್ಕದ ಗಟ್ಟಿ ಹಲ್ಲಿಗೆ ತಂತಿ ಬಿಗಿದು, ಕೆಂಪು ಪ್ಲಾಸ್ಟಿಕ್ಕನ್ನು ಬಾಯಲ್ಲೇ ಗಟ್ಟಿಯಾಗಲು ಬಿಟ್ಟು ಕಳಿಸುತ್ತಾರೆ. ಅದನ್ನು ತೆಗೆದು ತೊಳೆಯುವ ಹಾಗಿಲ್ಲ. ಕೆಳಗೆ ಕೊಳೆತು ತಂತಿ ಕಟ್ಟಿದ ಹಲ್ಲೂ ಹೋಗುತ್ತದೆ.

ಡಾಕ್ಟರಿಗೆ ತೋರಿಸದೆ ನುಂಗುವ ಮಾತ್ರೆಯೂ ಹಾಗೇ. ಮೆಡಿಕಲ್ ಶಾಪಿನವನು ಕೊಡುವ ಆಂಟಿಬಯಾಟಿಕ್ ನುಂಗಿದರೆ ನೋವು ತಗ್ಗಿ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋಗುತ್ತದೆ, ಬೇರಿನ ಕೀವು ಅಲ್ಲೇ ಇರುತ್ತದೆ. ಪ್ರೆಸ್ಸಿನ ಬೈಂಡರ್ ಒಬ್ಬರು ಹಾಗೆ ತಳ್ಳಿಕೊಂಡು ಬಂದು, ಒಂದು ದಿನ ದವಡೆಯ ಕೆಳಗೆ ಕುತ್ತಿಗೆವರೆಗೆ ಊದಿಸಿಕೊಂಡು ಬಾಯಿ ಎರಡು ಬೆರಳಗಲ ತೆರೆಯಲಾಗದೆ ಕೂತಿದ್ದರು. ಹಾಗೆ ಊದಿ ಜ್ವರ ಬಂದರೆ, ಎಂಜಲು ನುಂಗಲು ಕಷ್ಟವಾದರೆ, ಉಸಿರು ಕಟ್ಟಿದ ಹಾಗಾದರೆ ದರ ಹೋಲಿಸುತ್ತಾ ಕೂರುವ ಹೊತ್ತಲ್ಲ ಅದು, ಮರುದಿನದ ಓಪಿಗೆ ಕಾಯುವ ಹೊತ್ತೂ ಅಲ್ಲ. ಸೀದಾ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಆ ಬೈಂಡರನ್ನು ನಾವು ಆಟೋದಲ್ಲಿ ಕೂರಿಸಿ ವಿಕ್ಟೋರಿಯಾಕ್ಕೇ ಕರೆದುಕೊಂಡು ಹೋದೆವು.