ಸಿಮ್ ರೇಸಿಂಗ್‌ನಲ್ಲಿ ವೇಗ ಬೇಕಾ? ಎಡಗಾಲನ್ನು ಪಳಗಿಸಿ

ಪುಣೆಯ ಹಿಂಜೆವಾಡಿ, ವಾಕಡ್ ಕಡೆ ಬಾಡಿಗೆ ಫ್ಲ್ಯಾಟ್‌ನಲ್ಲಿರುವ ನಮ್ಮ ಹುಡುಗರು ಬೋನಸ್ ಬಂದ ಕೂಡಲೇ ಸಿಮ್ ರೇಸಿಂಗ್‌ಗೆ, ಅಂದರೆ ನಿಜದ ಕಾರಿನಂತೆ ಓಡುವ ರೇಸ್ ಆಟಗಳಿಗೆ, ಸ್ಟೀರಿಂಗ್ ವ್ಹೀಲ್ ಮತ್ತು ಪೆಡಲ್ ತರಿಸುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ದೂರು: ಗೇಮ್‌ಪ್ಯಾಡ್‌ನಲ್ಲೇ ಚೆನ್ನಾಗಿತ್ತು, ಈಗ ತಿರುವು ಬಂದರೆ ಸಾಕು ಗಾಡಿ ಗಿರಕಿ ಹೊಡೆಯುತ್ತದೆ. ಅದಕ್ಕೆ ಇನ್ನೂ ದುಬಾರಿ ವ್ಹೀಲ್ ತರಿಸುವವರೂ ಇದ್ದಾರೆ. ಬೇಡ. ತೊಂದರೆ ಇರುವುದು ಹೆಚ್ಚಾಗಿ ಬ್ರೇಕ್ ಒತ್ತುವ ಕಾಲಿನಲ್ಲಿ.

ಮೊದಲು ಕುರ್ಚಿ ನೋಡಿ. ಚಕ್ರದ ಆಫೀಸ್ ಕುರ್ಚಿಯಲ್ಲಿ ಕೂತು ಜೋರಾಗಿ ಬ್ರೇಕ್ ಒತ್ತಿದರೆ ಟೈಲ್ಸ್ ಮೇಲೆ ಕುರ್ಚಿಯೇ ಹಿಂದಕ್ಕೆ ಓಡುತ್ತದೆ, ಅಲ್ವಾ? ಚಕ್ರಗಳನ್ನು ಹಳೆಯ ಶೂಗಳೊಳಗೆ ಇಳಿಸಿ, ಇಲ್ಲವೇ ಪೆಡಲ್ ಮತ್ತು ಕುರ್ಚಿಯನ್ನು ಒಂದು ಗಟ್ಟಿ ಪಟ್ಟಿಯಿಂದ ಕಟ್ಟಿಬಿಡಿ. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಕೆಳಗಿನ ಮನೆಯ ಕಾಕು (ಚಿಕ್ಕಮ್ಮ) ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ಬಡಿಯಬಾರದು ನೋಡಿ.

ಆಮೇಲೆ ಫೀಲ್ಡ್ ಆಫ್ ವ್ಯೂ, ಅಂದರೆ ಆಟ ಪರದೆಯಲ್ಲಿ ಎಷ್ಟು ಕೋನದ ನೋಟ ತೋರಿಸಬೇಕು ಅನ್ನುವ ಸೆಟ್ಟಿಂಗ್. 24 ಇಂಚಿನ ಮಾನಿಟರ್ ಸುಮಾರು 53 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಇರುತ್ತದೆ. ಅದರಿಂದ 60 ಸೆಂ.ಮೀ. ದೂರ ಕೂತರೆ ಸರಿಯಾದ ಲೆಕ್ಕ ಅಡ್ಡಕ್ಕೆ 48 ಡಿಗ್ರಿ, ಮೇಲಿಂದ ಕೆಳಕ್ಕೆ 28. ಅಸೆಟ್ಟೊ ಕೋರ್ಸಾ ಅನ್ನುವ ಆಟ ಕೇಳುವುದು ಈ ಮೇಲಿಂದ ಕೆಳಗಿನ ಲೆಕ್ಕ. 28 ಇಟ್ಟರೆ ಕಿಟಕಿಯೊಳಗಿಂದ ಇಣುಕಿದಂತೆ ಅನ್ನಿಸುತ್ತದೆ, ಹಾಗಾಗಿ 35ರ ಹತ್ತಿರ ಇಟ್ಟು ನೋಡಿ. ವೇಗ ಕಡಿಮೆಯಾದಂತೆ ಕಾಣುತ್ತದೆ, ಆದರೆ ತಿರುವು ಎಷ್ಟು ದೂರ ಇದೆ ಅನ್ನುವುದು ಕಣ್ಣಿಗೆ ಸರಿಯಾಗಿ ಸಿಗುತ್ತದೆ.

ಈಗ ಕಾಲಿನ ವಿಷಯ. ಆಟದಲ್ಲಿ ಬಲಗಾಲು ಆಕ್ಸಿಲರೇಟರ್‌ಗೆ, ಎಡಗಾಲು ಬ್ರೇಕ್‌ಗೆ. ಪುಣೆ ಟ್ರಾಫಿಕ್ಕಿನಲ್ಲಿ ದಿನಾ ಕಾರು ಓಡಿಸುವವರ ಎಡಗಾಲಿಗೆ ಕ್ಲಚ್ ಬಿಟ್ಟು ಬೇರೇನೂ ಗೊತ್ತಿಲ್ಲ. ಕ್ಲಚ್ ಅನ್ನು ಎಷ್ಟು ದೂರ ಒತ್ತಿದೆವು ಅನ್ನುವುದರ ಮೇಲೆ ಅಳೆಯುತ್ತೇವೆ, ಬ್ರೇಕ್ ಅನ್ನು ಎಷ್ಟು ಬಲ ಹಾಕಿದೆವು ಅನ್ನುವುದರ ಮೇಲೆ. ಅದಕ್ಕೇ ಎಡಗಾಲಿನಿಂದ ಬ್ರೇಕ್ ಒತ್ತಲು ಹೋದರೆ ಒಂದೇ ಏಟಿಗೆ ತುಳಿದುಬಿಡುತ್ತೇವೆ. ಆದರೆ ಅದೇ ಕಾಲಿಗೆ ಒಂದು ಒಳ್ಳೆಯ ಅಭ್ಯಾಸವೂ ಇದೆ. ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಿ ಮೆಲ್ಲಗೆ ಬಿಟ್ಟು ಹೊರಡುವುದು ಬರುತ್ತದಲ್ಲ, ಟ್ರೇಲ್ ಬ್ರೇಕಿಂಗ್‌ಗೆ (ತಿರುವಿನೊಳಗೆ ಹೋಗುತ್ತಾ ಬ್ರೇಕ್ ಅನ್ನು ಸ್ವಲ್ಪಸ್ವಲ್ಪವೇ ಬಿಡುವುದಕ್ಕೆ) ಬೇಕಾದದ್ದೂ ಆ ಮೆಲ್ಲಗೆ ಬಿಡುವ ಗುಣವೇ.

ಟೈರಿನ ಹಿಡಿತ ಪಿಜಿ ರೂಮಿನಲ್ಲಿ ಇಬ್ಬರು ಎಳೆದಾಡುವ ಒಂದೇ ಕಂಬಳಿಯ ಹಾಗೆ. ಬ್ರೇಕ್ ಪೂರ್ತಿ ಎಳೆದುಕೊಂಡರೆ ಸ್ಟೀರಿಂಗ್‌ಗೆ ಏನೂ ಉಳಿಯುವುದಿಲ್ಲ, ಗಾಡಿ ನೆಟ್ಟಗೆ ಹುಲ್ಲಿಗೆ ಹೋಗುತ್ತದೆ. ಹಾಗಾಗಿ ನೇರ ದಾರಿಯಲ್ಲೇ ಗಟ್ಟಿಯಾಗಿ ಒತ್ತಿ, ಸ್ಟೀರಿಂಗ್ ತಿರುಗುತ್ತಾ ಹೋದಂತೆ ಅಷ್ಟಷ್ಟೇ ಬಿಡುತ್ತಾ ಬನ್ನಿ. ತಟಕ್ಕನೆ ಬಿಟ್ಟರೆ ಮುಂದಿನ ಟೈರುಗಳ ಮೇಲಿನ ಭಾರ ಹಿಂದಕ್ಕೆ ಸರಿದು ಮೂತಿ ತಿರುಗುವುದಿಲ್ಲ. ಜಾಸ್ತಿ ಹೊತ್ತು ಹಿಡಿದರೆ ಬಾಲ ಹಗುರಾಗಿ ಗಿರಕಿ. ಆಟದಲ್ಲಿ ಪೆಡಲ್ ಗ್ರಾಫ್ ಇದ್ದರೆ ತೆರೆದಿಡಿ: ಬ್ರೇಕಿನ ಗೆರೆ ಏರುವಾಗ ಗೋಡೆಯಂತೆ, ಇಳಿಯುವಾಗ ಇಳಿಜಾರಿನಂತೆ ಕಾಣಬೇಕು. ಲಾಜಿಟೆಕ್ ಜಿ29 ಅನ್ನುವ ವ್ಹೀಲ್ ಸೆಟ್‌ನ ಬ್ರೇಕ್ ಒಳಗೆ ರಬ್ಬರ್ ತುಂಡು ಇದೆ, ಕೊನೆಯ ಭಾಗಕ್ಕೆ ತುಂಬಾ ಬಲ ಬೇಕಾಗುತ್ತದೆ. ಕಾಲು ಅಲ್ಲಿಗೆ ಮುಟ್ಟದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಶನ್, ಅಂದರೆ ಎಷ್ಟು ಒತ್ತಿದರೆ ಪೂರ್ತಿ ಬ್ರೇಕ್ ಅನ್ನುವ ಲೆಕ್ಕ, ಬದಲಿಸಿ.

ಅಭ್ಯಾಸಕ್ಕೆ ಮಾಜ್ದಾ ಎಂಎಕ್ಸ್-5 ಸಾಕು. ಹೆಚ್ಚುಕಡಿಮೆ ಒಂದು ಟನ್ ತೂಕ, ಕಡಿಮೆ ಶಕ್ತಿ, ಏನು ತಪ್ಪಾಯಿತು ಅಂತ ನಿಧಾನವಾಗಿ ಹೇಳಿಕೊಡುವ ಗಾಡಿ. ಟ್ರ್ಯಾಕ್‌ಗೆ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಇಂಡಿ. ಗ್ರಾನ್ ಟುರಿಸ್ಮೊ 7, ಐರೇಸಿಂಗ್ ಎರಡೂ ಆಟಗಳಲ್ಲಿ ಇದೆ. ಉದ್ದ 2 ಕಿ.ಮೀ.ಗಿಂತ ಸ್ವಲ್ಪ ಕಡಿಮೆ, ಹಾಗಾಗಿ ಒಂದೇ ತಿರುವು ಸುಮಾರು ನಿಮಿಷಕ್ಕೊಮ್ಮೆ ಮತ್ತೆ ಎದುರಾಗುತ್ತದೆ. ಮೊದಲ ತಿರುವು ಪ್ಯಾಡಕ್ ಹಿಲ್ ಇಳಿಜಾರಿಗೆ ಬೀಳುತ್ತದೆ, ಬ್ರೇಕ್ ಬಿಡುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. 20 ಕಿ.ಮೀ. ಮೀರಿದ ಜರ್ಮನಿಯ ನಾರ್ಡ್‌ಶ್ಲೈಫ಼ೆ ಟ್ರ್ಯಾಕ್‌ನಲ್ಲಿ ಸೂಪರ್ ಕಾರ್ ಓಡಿಸುವುದು ಖುಷಿಗೆ ಸರಿ, ಕಲಿಯುವುದಕ್ಕೆ ಅಲ್ಲ.

ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರಲಿ ಬಿಡಿ, ನಾಚಿಕೆ ಏನಿಲ್ಲ. ಮೊದಲು ತೆಗೆಯಬೇಕಾದದ್ದು ಎಲ್ಲಿ ಹೇಗೆ ಹೋಗಬೇಕು ಅಂತ ಆಟ ರಸ್ತೆ ಮೇಲೆ ತೋರಿಸುವ ಬಣ್ಣದ ಗೆರೆ. ಅದು ಇರುವವರೆಗೂ ನೀವು ಗೆರೆ ನೋಡುತ್ತೀರಿ, ತಿರುವು ನೋಡುವುದಿಲ್ಲ. ಅದರ ಬದಲು ಬದಿಯ ದೂರದ ಫಲಕ, ಡಾಂಬರಿನ ಕಲೆ, ಏನಾದರೊಂದು ಗುರುತು ಇಟ್ಟುಕೊಳ್ಳಿ. ಫೋರ್ಸ್ ಫೀಡ್‌ಬ್ಯಾಕ್ (ವ್ಹೀಲ್ ಕೈಗೆ ಕೊಡುವ ಎಳೆತ) ಪೂರ್ತಿ ಏರಿಸಬೇಡಿ. ಮೋಟಾರಿನ ಮಿತಿ ಮುಟ್ಟಿ ಕ್ಲಿಪ್ಪಿಂಗ್ ಶುರುವಾದರೆ ಕೈಗೆ ಬರೀ ಭಾರ ಸಿಗುತ್ತದೆ, ಟೈರು ಜಾರುವ ಸುಳಿವು ಸಿಗುವುದಿಲ್ಲ. ಪ್ಯಾಡ್‌ನಲ್ಲಿ ಆಡುವವರಿಗೂ ಮೇಲಿನ ಬ್ರೇಕಿನ ಮಾತೆಲ್ಲ ಅನ್ವಯ, ಎಡ ಟ್ರಿಗರ್ ಅನ್ನು ಬೆರಳಿನಿಂದ ಮೆಲ್ಲಗೆ ಬಿಡುವುದು ಕಲಿತರೆ ಆಯಿತು.

ಆನ್‌ಲೈನ್‌ಗೆ ಹೋಗುವ ಮೊದಲು ವೈಫೈ ಬಿಟ್ಟು ಕೇಬಲ್ ಹಾಕಿ, ಹತ್ತಿರದ ಸರ್ವರ್ ಆರಿಸಿ. ಐರೇಸಿಂಗ್‌ನಲ್ಲಿ ಟ್ರ್ಯಾಕ್ ಬಿಟ್ಟರೆ 1 ಅಂಕ, ಹಿಡಿತ ತಪ್ಪಿದರೆ 2, ಜೋರಾಗಿ ಗುದ್ದಿದರೆ 4 ಅಂತ ದೋಷ ಎಣಿಸುತ್ತಾರೆ, ಅದು ನೀವು ಎಷ್ಟು ಸುರಕ್ಷಿತವಾಗಿ ಓಡಿಸುತ್ತೀರಿ ಅಂತ ಅಳೆಯುವ ಸೇಫ್ಟಿ ರೇಟಿಂಗ್‌ಗೆ ಹೊಡೆತ. ಮೊದಲ ಲ್ಯಾಪ್‌ನಲ್ಲಿ ಮುಂದಿನವರೆಲ್ಲ ಬೇಗ ಬ್ರೇಕ್ ಒತ್ತುತ್ತಾರೆ, ನಿಮ್ಮ ಗುರುತಿಗೆ ಕಾದರೆ ಎದುರಿನವನ ಡಿಕ್ಕಿಯೊಳಗೆ ಇರುತ್ತೀರಿ. ಆ ಒಂದು ಲ್ಯಾಪ್ ಮಟ್ಟಿಗೆ ಗುರುತಿಗಿಂತ ಸಾಕಷ್ಟು ಮುಂಚೆಯೇ ಬ್ರೇಕ್ ಹಿಡಿಯಿರಿ.