ಒಂದೇ ಬಣ್ಣ, ಮೂರು ಹೊಳಪು: ಚಿಕ್ಕ ಮನೆಗೆ ಕಡೆಗೂ ಒಪ್ಪಿದ ಪೇಂಟ್

ಗೋಡೆ, ಬಾಗಿಲು, ಸೀಲಿಂಗ್ ಮೂರಕ್ಕೂ ಒಂದೇ ಶೇಡ್ ಅಂದಾಗ ಜೊತೆಗೆ ಕೆಲಸ ಮಾಡಿದವರು ಯಾರೂ ಒಪ್ಪಲಿಲ್ಲ. ಚಿಕ್ಕ ಮನೆಗೆ ಬಿಳಿಯೇ ಸರಿ, ಬೇಕಿದ್ದರೆ ಒಂದು ಗೋಡೆಗೆ ಗಾಢ ಬಣ್ಣ ಕೊಟ್ಟರಾಯಿತು ಎಂಬುದು ಎಲ್ಲರ ಮಾತು. ಎರಡನ್ನೂ ಮಾಡಿ ನೋಡಿದ್ದಾಯಿತು, ಎರಡೂ ಕೆಟ್ಟವು. ಮನೆ ಸುಮಾರು 450 ಚದರ ಅಡಿ. ಕಿಟಕಿ ಬಾಗಿಲು ಕಳೆದರೆ ಬಳಿಯಬೇಕಾದ ಗೋಡೆ 1,300 ಚದರ ಅಡಿಯಷ್ಟು. ಕೊನೆಗೆ ನಿಂತದ್ದು ಮಣ್ಣಿನ ಛಾಯೆಯ ತಿಳಿ ಬೂದು, ಎಲ್‌ಆರ್‌ವಿ (ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಎಂಬ ಅಳತೆ) 62ರ ಆಸುಪಾಸು. ಗೋಡೆಗೆ ತೊಳೆಯಬಹುದಾದ ಮ್ಯಾಟ್ (ತೀರಾ ಕಡಿಮೆ ಹೊಳಪು), ಬಾಗಿಲು ಚೌಕಟ್ಟಿಗೆ ಸ್ಯಾಟಿನ್ (ಮೆದು ಹೊಳಪು), ಸೀಲಿಂಗ್‌ಗೆ ಅದೇ ಶೇಡನ್ನು ಬಿಳಿಯಲ್ಲಿ ತೆಳು ಮಾಡಿ ಪೂರ್ತಿ ಫ್ಲ್ಯಾಟ್ (ಹೊಳಪೇ ಇಲ್ಲದ್ದು).

ಮೊದಲು ಹಾಕಿದ್ದು ಅಪ್ಪಟ ಬಿಳಿ, ಎಲ್‌ಆರ್‌ವಿ 85ರ ಮೇಲೆ. ಬಿಳಿ ತಾನಾಗಿ ಬೆಳಕು ಹುಟ್ಟಿಸುವುದಿಲ್ಲ, ಬಿದ್ದದ್ದನ್ನು ವಾಪಸ್ ಕೊಡುತ್ತದೆ ಅಷ್ಟೆ. ಒಂದೇ ಕಿಟಕಿಯ ಕೋಣೆಯಲ್ಲಿ ಮೂಲೆಗಳೆಲ್ಲ ಕೊಳೆ ಬೂದಿಯಂತೆ ಕಂಡವು. ಕಿಟಕಿಯಾಚೆಯ ಗಿಡದ ಹಸಿರು, ನೆಲದ ಕೆಂಪು ಎರಡೂ ಗೋಡೆಯ ಮೇಲೆ ಬಂದು ಕೂತವು. ಸ್ವಿಚ್‌ಬೋರ್ಡಿನ ಸುತ್ತ ಬೆರಳ ಗುರುತು ತಿಂಗಳೊಳಗೇ ಶುರು.

ಆಮೇಲೆ ಗಾಢ ಹಸಿರು ನೀಲಿಯ ಒಂದು ಗೋಡೆ. ಗಾಢ ಶೇಡಿಗೆ ಬಳಸುವ ಡೀಪ್ ಬೇಸಿನಲ್ಲಿ (ಬಣ್ಣ ಸೇರಿಸುವ ಮೊದಲಿನ ಮೂಲ ಪೇಂಟ್) ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಕಡಿಮೆ, ಹಾಗಾಗಿ ಅಡಿಯ ಬಿಳಿಯನ್ನು ಮುಚ್ಚುವ ಶಕ್ತಿಯೂ ಕಡಿಮೆ. ಬಿಳಿ ಪ್ರೈಮರ್ ಮೇಲೆ ನಾಲ್ಕು ಕೋಟ್ ಹೋಯಿತು. ಬೂದು ಪ್ರೈಮರ್ ಹಾಕಿದ್ದರೆ ಎರಡರಲ್ಲಿ ಮುಗಿಯುತ್ತಿತ್ತು. ಒಂದು ಗೋಡೆ ಎರಡು ಗೋಡೆಯ ಪೇಂಟ್ ತಿಂದಿತು. ಅಷ್ಟಾದರೂ ಮೂಲೆಯ ಗೆರೆ ನೇರ ಬರಲಿಲ್ಲ. ಗಾರೆಯ ಮೂಲೆಯೇ ಸೊಟ್ಟಗಿದ್ದಾಗ ಗಾಢ ಮತ್ತು ತಿಳಿ ಬಣ್ಣ ಅಲ್ಲೇ ಸೇರಿದರೆ ಆ ಸೊಟ್ಟು ಎದ್ದು ಕಾಣುತ್ತದೆ. ಎಷ್ಟು ಚೆನ್ನಾಗಿ ಟೇಪ್ ಹಾಕಿದರೂ ಅದಕ್ಕೆ ಪರಿಹಾರವಿಲ್ಲ. ಒಂದೇ ಬಣ್ಣದ ಯೋಚನೆ ಹುಟ್ಟಿದ್ದು ಆ ಮೂಲೆಯಿಂದಲೇ: ಬಣ್ಣ ಬದಲಾಗದಿದ್ದರೆ ಸೊಟ್ಟು ಕಾಣುವುದಿಲ್ಲ, ಕೋಣೆ ಎಲ್ಲಿ ಮುಗಿಯಿತು ಎಂಬುದೂ ಕಣ್ಣಿಗೆ ತಟ್ಟನೆ ಸಿಗುವುದಿಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ದುಬಾರಿ. ಒರೆಸಲು ಸುಲಭ ಎಂದು ಗೋಡೆಗೂ ಸ್ಯಾಟಿನ್ ಹಾಕಿದೆ. ಕಿಟಕಿಯ ಪಕ್ಕದ ಗೋಡೆಯ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಪುಟ್ಟಿಯ ಪ್ರತಿಯೊಂದು ಏರಿಳಿತವೂ ಕಂಡಿತು. ಅದನ್ನು ಮತ್ತೆ ಮ್ಯಾಟ್ ಮಾಡಲು ಇಡೀ ಗೋಡೆಯನ್ನು 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಹೊಳಪು ಸಾಯಿಸಬೇಕಾಯಿತು. ಉಜ್ಜದೆ ಬಳಿದ ಒಂದು ತುಂಡು ಟೇಪ್ ಎಳೆದಾಗ ಟೇಪಿನ ಜೊತೆಗೇ ಬಂತು. ಕೆಟ್ಟ ಮೂರು ಪ್ರಯತ್ನಗಳ ಪೇಂಟಿನ ಹಣದಲ್ಲಿ ಇಂಥದೇ ಇನ್ನೊಂದು ಮನೆ ಮುಗಿಸಬಹುದಿತ್ತು.

ಶೇಡ್ ಆರಿಸುವ ವಿಷಯಕ್ಕೆ ಬರೋಣ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಗೋಡೆ ಎದುರಾಗಿ ಬಣ್ಣ ಪರಸ್ಪರ ಪ್ರತಿಫಲಿಸುತ್ತದೆ. ಕಾರ್ಡಿನಲ್ಲಿ ಮೆದುವಾಗಿದ್ದ ಹಳದಿ ನಾಲ್ಕು ಗೋಡೆಗೂ ಬಂದರೆ ಕಣ್ಣು ಕುಕ್ಕುತ್ತದೆ. ಅದಕ್ಕೇ ಮೆಚ್ಚಿದ ಶೇಡಿಗಿಂತ ಒಂದು ಮೆಟ್ಟಿಲು ತಿಳಿ, ಒಂದು ಮೆಟ್ಟಿಲು ಬೂದು. ಗೋಡೆಯ ಮೇಲೇ ಸ್ಯಾಂಪಲ್ ಬಳಿಯುವುದನ್ನು ಬಿಟ್ಟೆ, ಹಳೆಯ ಬಣ್ಣ ಪಕ್ಕದಲ್ಲಿದ್ದರೆ ಕಣ್ಣು ಮೋಸ ಹೋಗುತ್ತದೆ. ಎರಡು ಅಡಿ ಚೌಕದ ಎರಡು ಹಲಗೆಗೆ ಎರಡೆರಡು ಕೋಟ್ ಬಳಿದು, ಪುಸ್ತಕ ತೆರೆದಂತೆ ಮೂಲೆಯಲ್ಲಿ ನಿಲ್ಲಿಸಿದೆ. ಆ ಮಡಿಕೆಯೊಳಗೆ ಕಾಣುವ ಬಣ್ಣವೇ ನಾಳೆ ಕೋಣೆಯಲ್ಲಿ ಕಾಣುವ ಬಣ್ಣ. ಹಸಿಯಾಗಿದ್ದಾಗ ನಿರ್ಧಾರ ಬೇಡ. ಎಮಲ್ಷನ್ (ನೀರಿನ ಗೋಡೆ ಪೇಂಟ್) ಒಣಗಿದ ಮೇಲೆ ಒಂದಿಷ್ಟು ಗಾಢವಾಗುತ್ತದೆ.

ಬಲ್ಬ್ ಮೊದಲು, ಶೇಡ್ ಆಮೇಲೆ. ಇದೇ ಹಲಗೆ 6500 ಕೆಲ್ವಿನ್ ಬಲ್ಬಿನಡಿ ನೀಲಿಗೆ ತಿರುಗಿತು, 3000ದಲ್ಲಿ ಹಳದಿ ಹತ್ತಿತು, 4000ದಲ್ಲಿ ಸರಿಯಾಗಿ ನಿಂತಿತು. ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 90ರ ಬಲ್ಬ್ ಹಾಕಿದ ಮೇಲೆ ಬೂದಿನೊಳಗಿದ್ದ ಗುಲಾಬಿ ಒಳಛಾಯೆ ಬಯಲಾಯಿತು. ಅದನ್ನು ಕೊಲ್ಲಲು ಟಿಂಟಿಂಗ್ ಮೆಷಿನ್ನಿನಲ್ಲಿ ಒಂದು ಹಸಿರು ಸ್ಟೇನರ್ (ಪೇಂಟಿಗೆ ಬಣ್ಣ ಕೊಡುವ ದ್ರವ) ಸೇರಿಸಿದೆ. ಎಷ್ಟು ಹನಿ ಎಂಬುದು ನನ್ನಲ್ಲೇ ಇರಲಿ, ಅದನ್ನು ಕಂಡುಕೊಳ್ಳಲು ಹನ್ನೊಂದು ಹಲಗೆ ಹಾಳಾಗಿವೆ. ಒಂದು ಲೀಟರ್ ಡಬ್ಬಿಯಲ್ಲಿ ಮೆಚ್ಚಿದ ಶೇಡ್ 20 ಲೀಟರ್ ಬಕೆಟ್‌ನಲ್ಲಿ ಕೂದಲೆಳೆ ಬೇರೆ ಬರುತ್ತದೆ, ಚಿಕ್ಕ ಡಬ್ಬಿಗೆ ಬೀಳುವ ಸ್ಟೇನರ್ ಅಷ್ಟು ಅಲ್ಪ. ಆದ್ದರಿಂದ ಇಡೀ ಮನೆಯ ಪೇಂಟ್ ಒಟ್ಟಿಗೇ ಟಿಂಟ್ ಮಾಡಿಸಿ, ದೊಡ್ಡ ಡ್ರಮ್ಮಿನಲ್ಲಿ ಎಲ್ಲವನ್ನೂ ಸುರಿದು ಕಲಸಿದೆ. ಗೋಡೆಗೆ ಎರಡು ಕೋಟ್ ಬಳಿಯಲು 22 ಲೀಟರ್ ಚಿಲ್ಲರೆ ಹಿಡಿಯಿತು.

ಹಣದ ಮುಕ್ಕಾಲು ಪಾಲು ಹೋದದ್ದು ಗೋಡೆ ತಯಾರಿಗೆ, ಅದರಲ್ಲೂ ಕೂಲಿಗೆ. ಪುಟ್ಟಿ 60 ಕಿಲೋದಷ್ಟು. ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ಏರಿಳಿತಗಳಿಗೆ ಪೆನ್ಸಿಲ್ ಗುರುತು, ಅಲ್ಲಿಗೆ ಮಾತ್ರ ಮತ್ತೆ ಪುಟ್ಟಿ, 180ರಲ್ಲಿ ಉಜ್ಜಿ 320ರಲ್ಲಿ ಮುಗಿಸುವುದು. ಪುಟ್ಟಿಯ ಧೂಳು ಒರೆಸದೆ ಪ್ರೈಮರ್ ಹಾಕಿದರೆ ಪೇಂಟ್ ಹಾಳೆ ಹಾಳೆಯಾಗಿ ಏಳುತ್ತದೆ. ಬಚ್ಚಲಿನ ಹಿಂಗೋಡೆಗೆ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪ್ ಹಾಕಿ ಒಂದು ದಿನ ಬಿಟ್ಟೆ. ಒಳಗೆ ಹನಿ ಕಂಡಿತು. ಪೈಪ್ ಸರಿಮಾಡಿಸಿ, ಹೊಸ ಗಾರೆಯನ್ನು 28 ದಿನ ಒಣಗಲು ಬಿಟ್ಟು, ಉಳಿದೆಲ್ಲ ಮುಗಿದ ಮೇಲೆ ಆ ಗೋಡೆ ಮುಟ್ಟಿದೆ.

ಬಳಿಯುವಾಗ ಮ್ಯಾಟ್ ಕೆಡುವುದು ಎರಡು ಕಾರಣಕ್ಕೆ: ನೀರು ಜಾಸ್ತಿ, ಅಥವಾ ಬಳಿದ ಭಾಗದ ಹಸಿ ಅಂಚು ಮುಂದಿನ ಭಾಗ ಸೇರುವ ಮೊದಲೇ ಒಣಗುವುದು. ಡಬ್ಬಿಯ ಮೇಲೆ ಕೊಟ್ಟಿರುವ ನೀರಿನ ಮಿತಿಯ ಕೆಳತುದಿಯಲ್ಲೇ ನಿಂತೆ. ಫ್ಯಾನ್ ಬಂದ್. ಒಬ್ಬರು ಬ್ರಷ್‌ನಲ್ಲಿ ಅಂಚು ಕಟ್ಟುತ್ತ ಹೋದಂತೆ ಇನ್ನೊಬ್ಬರು 9 ಎಂಎಂ ಕೂದಲಿನ ರೋಲರ್ ಹಿಡಿದು ಹಿಂದೆಯೇ. ಒಂದು ಗೋಡೆ ಶುರುಮಾಡಿದರೆ ಮೂಲೆ ಮುಟ್ಟುವವರೆಗೆ ನಿಲ್ಲುವಂತಿಲ್ಲ.

ಬಾಗಿಲಿಗೆ ಹಳೆಯ ಎಣ್ಣೆ ಎನಾಮೆಲ್ ಬೇಡ. ಬೆಳಕು ಬೀಳದ ಕಡೆ, ಕಪಾಟಿನ ಒಳಮೈಯಲ್ಲಿ, ಅದು ಹಳದಿಗೆ ತಿರುಗುತ್ತದೆ. ಗೋಡೆಯೊಂದಿಗೆ ಒಂದೇ ಶೇಡ್ ಎಂಬ ಲೆಕ್ಕವೇ ತಪ್ಪುತ್ತದೆ. ನೀರಿನ ಸ್ಯಾಟಿನ್ ಹಾಕಿದೆ: ತೊಳೆದು, 220ರಲ್ಲಿ ಉಜ್ಜಿ, ಹಿಡಿತದ ಪ್ರೈಮರ್ ಒಂದು ಕೋಟ್, ಮೇಲೆ ಎರಡು. ಮುಟ್ಟಿದರೆ ಗಂಟೆಯಲ್ಲಿ ಒಣಗಿದೆ ಅನ್ನಿಸುತ್ತದೆ, ನಂಬಬಾರದು. ಅದೇ ರಾತ್ರಿ ಮುಚ್ಚಿದ ಒಂದು ಬಾಗಿಲು ಚೌಕಟ್ಟಿಗೆ ಅಂಟಿ, ಬೆಳಿಗ್ಗೆ ತೆಗೆದಾಗ ಅಂಚಿನ ಪೇಂಟ್ ಕಿತ್ತು ಬಂತು. ಉಳಿದವನ್ನು ಮೂರು ದಿನ ತೆರೆದೇ ಬಿಟ್ಟೆ.

ಸೀಲಿಂಗ್‌ಗೆ ಒಂದು ಪಾಲು ಗೋಡೆಯ ಪೇಂಟ್, ಸುಮಾರು ಮೂರು ಪಾಲು ಬಿಳಿ ಫ್ಲ್ಯಾಟ್. ಗೋಡೆ ಸೀಲಿಂಗ್ ಸೇರುವ ಗೆರೆಯನ್ನು ಎಲ್ಲಿ ನಿಲ್ಲಿಸಿದೆ ಎಂಬುದರಲ್ಲೂ ಒಂದು ಉಪಾಯವಿದೆ, ನೋಡಿದವರು ಎತ್ತರ ಹೆಚ್ಚಿಸಿದ್ದೀರಾ ಎಂದು ಕೇಳಿದ್ದು ಅದರಿಂದಲೇ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಇದರ ನಡುವೆ ಇನ್ನೆರಡು ಪ್ರಯೋಗ ನಡೆದವು. ಇಕ್ಕಟ್ಟಾದ ನಡುದಾರಿಯಲ್ಲಿ ನಾಲ್ಕು ಅಡಿವರೆಗೆ ಸ್ಯಾಟಿನ್, ಮೇಲೆ ಮ್ಯಾಟ್, ಶೇಡ್ ಅದೇ. ಎದುರಿಂದ ಗೆರೆ ಕಾಣುವುದೇ ಇಲ್ಲ, ಪಕ್ಕದಿಂದ ನಡೆದು ಬಂದರೆ ಪಟ್ಟಿಯಂತೆ ಹೊಳೆಯುತ್ತದೆ. ಬ್ಯಾಗು, ಭುಜ ತಗಲುವ ಎತ್ತರವೆಲ್ಲ ಒರೆಸಿದರೆ ಹೋಗುತ್ತದೆ. ಅಲ್ಲಿಗೆ ಮಾತ್ರ ಪುಟ್ಟಿಯನ್ನು ಎರಡು ಪಟ್ಟು ಜತನದಿಂದ ಎಳೆಯಬೇಕು. ಇನ್ನೊಂದು, ಗೋಡೆ ಕಪಾಟಿನ ಹಿಂಬದಿಗೆ ಮಾತ್ರ ಎಲ್‌ಆರ್‌ವಿ 10ರ ಕಡುಗಂದು. ಅರ್ಧ ಲೀಟರೂ ಖರ್ಚಾಗಲಿಲ್ಲ, ಕಪಾಟು ಒಂದು ಗೇಣು ಆಳವಾದಂತೆ ಕಾಣುತ್ತದೆ. ಗಾಢ ಬಣ್ಣದ ಆಸೆ ಇರುವವರು ಇಡೀ ಗೋಡೆ ಬಿಟ್ಟು ಇಲ್ಲಿ ತೀರಿಸಿಕೊಳ್ಳಲಿ.

ಉಳಿದ ಪೇಂಟನ್ನು ಅರ್ಧ ಖಾಲಿ ಬಕೆಟ್‌ನಲ್ಲಿ ಬಿಡದೆ, ಒಂದು ಲೀಟರ್ ಡಬ್ಬಿಗೆ ಅಂಚಿನವರೆಗೆ ತುಂಬಿ ಮುಚ್ಚಿಟ್ಟಿದ್ದೇನೆ. ಟಚಪ್ ಮಾಡುವಾಗ ಬ್ರಷ್ ಬಳಸಿದರೆ ತೇಪೆ ಕಾಣುತ್ತದೆ. ಗೋಡೆಗೆ ಬಳಸಿದ ರೋಲರಿನದೇ ಕೂದಲಿನ ಚಿಕ್ಕ ರೋಲರ್, ಸ್ವಲ್ಪ ನೀರು, ಅಂಚು ತೆಳುವಾಗಿ ಹರಡಿಸಬೇಕು. ಬಳಿದು ತಿಂಗಳಾಗುವ ಮೊದಲು ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ. ಮ್ಯಾಟ್ ಗಟ್ಟಿಯಾಗಿರುವುದಿಲ್ಲ, ಉಜ್ಜಿದ ಜಾಗ ಮಿರುಗುತ್ತದೆ, ಆ ಮಿರುಗು ಮತ್ತೆ ಪೇಂಟ್ ಹಾಕದೆ ಹೋಗುವುದಿಲ್ಲ.